ಹಿಂದಿನ ಸೀಟಿನ ಬಿಲ್ಲು

ಪಿಸ್ಟನ್ ಹೋಗಿರಬಹುದು. ರಿಂಗ್ ಸವೆದಿರಬಹುದು. ಟೈಮಿಂಗ್ ಚೈನ್ ಸಡಿಲಾಗಿ ಒಳಗೆ ಎಲ್ಲಿಗೋ ತಾಗುತ್ತಿರಬಹುದು. ಕ್ಲಚ್ ಪ್ಲೇಟ್ ಸುಟ್ಟಿರಬಹುದು, ಇಲ್ಲವೇ ಸುಡುವುದಕ್ಕೆ ಒಳ್ಳೆಯ ಗಳಿಗೆ ನೋಡುತ್ತಿರಬಹುದು. ಹಿಂದಿನ ಗಾಲಿಯ ಬೇರಿಂಗ್ ಪುಡಿಯಾಗಿ, ಕಾನಹೊಸಹಳ್ಳಿ ಹತ್ತಿರ ಹೈವೇಯಲ್ಲಿ, ಹಿಂದಿನಿಂದ ಈರುಳ್ಳಿ ಲಾರಿಯೊಂದು ಬರುತ್ತಿರುವಾಗಲೇ ಗಾಲಿ ಗಪ್ಪನೆ ಕಚ್ಚಿಕೊಳ್ಳಬಹುದು. ಚಾಸಿಯೇ ಬಿರುಕು ಬಿಟ್ಟು ಗಾಡಿ ಎರಡು ತುಂಡಾಗಿ, ಹ್ಯಾಂಡಲ್ ಹಿಡಿದ ನಾನು ಮುಂದಕ್ಕೆ ಹೋಗಿ, ಪಾಲಿಸಿ ಕಾಗದಗಳ ಚೀಲ ಹಿಂದೆಯೇ ಉಳಿಯಬಹುದು. ಆಗ ನನ್ನ ಸ್ವಂತ ಪಾಲಿಸಿಯ ಕಂತು ಕಟ್ಟುವುದನ್ನು ಈ ಸಲ ನಾನೇ ಮರೆತಿರಬಹುದು...

ಕಳೆದ ತಿಂಗಳು ನನ್ನ ಹಳೆಯ ಗಾಡಿಯಿಂದ ಸಣ್ಣದೊಂದು ಕಿಣಿಕಿಣಿ ಶುರುವಾದ ದಿನ, ಕೊಟ್ಟೂರಿನಿಂದ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ನಾನು ಮಾಡಿಕೊಂಡ ಯೋಚನೆ ಇದು. ನಾನು ವಿಮೆ ಏಜೆಂಟ. ನಾಳೆ ಏನಾದೀತೋ ಎಂಬ ಭಯವನ್ನು ಊರೂರಿಗೆ ಹಂಚಿ ಹೊಟ್ಟೆ ಹೊರೆಯುವವನು. ಹಂಚಿ ಉಳಿದದ್ದನ್ನೆಲ್ಲ ಮನೆಗೆ ತಂದು ನಾನೇ ಬಳಸುತ್ತೇನೆ.

ಕೂಡ್ಲಿಗಿಯ ಹೊಸ ಗ್ಯಾರೇಜಿನಲ್ಲಿ ಗಾಡಿ ಒಪ್ಪಿಸಿ ಕುರ್ಚಿಯಲ್ಲಿ ಕೂತೆ. ಹೌದು, ಅಲ್ಲಿ ಗಿರಾಕಿಗಳಿಗೆ ಕುರ್ಚಿಗಳಿವೆ, ಗಾಜಿನ ಬಾಗಿಲಿದೆ, ಬಿಲ್ಲು ಮೊಬೈಲಿಗೇ ಬರುತ್ತದೆ. ಪಕ್ಕದ ತಳ್ಳುಗಾಡಿಯವನು ಸೋಡಾಕ್ಕೆ ಲಿಂಬೆಹಣ್ಣು ಹಿಂಡಿ, ಸಿಪ್ಪೆಯನ್ನು ಎಸೆದ. ಅದು ಬಂದು ಬಿದ್ದದ್ದು ಸಾಮಾನು ತೊಳೆಯುವ ಸೀಮೆಎಣ್ಣೆಯ ತಟ್ಟೆಯ ಪಕ್ಕದಲ್ಲಿ. ಸೀಮೆಎಣ್ಣೆ, ಅದರ ಮೇಲೆ ಲಿಂಬೆ ಸಿಪ್ಪೆ. ಎಷ್ಟೋ ವರ್ಷಗಳ ಮೇಲೆ ಮೂಗಿಗೆ ಬಡಿದ ಆ ವಾಸನೆಗೆ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಯಾರೋ ಹಿರಿಯರು ಒಳಗೆ ಬಂದಾಗ ಎದ್ದು ನಿಲ್ಲುವ ಹಾಗೆ.

ಆ ವಾಸನೆ ನಮ್ಮ ಮೇಸ್ತ್ರಿಯವರ ಕೈಗಳದು.

ಕೊಟ್ಟೂರಿನಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ತಗಡಿನ ಸೂರಿನ ಕೆಳಗೆ ಅವರ ಗ್ಯಾರೇಜು ಇತ್ತು. ಒಬ್ಬರೇ ಕೆಲಸ ಮಾಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳ ಸೋಡಾ ಅಂಗಡಿ. ನಾವೆಲ್ಲ ಆಕೆಯನ್ನು ಸೋಡಾದಕ್ಕ ಎನ್ನುತ್ತಿದ್ದೆವು. ಹಿಂಡಿ ಬಿಟ್ಟ ಲಿಂಬೆ ಹೋಳುಗಳನ್ನು ಆಕೆ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಮೇಸ್ತ್ರಿ ಕೆಲಸ ಮುಗಿದ ಮೇಲೆ ಕೈಯನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಆ ಹೋಳುಗಳಿಂದ ಬೆರಳು ಬೆರಳು ತಿಕ್ಕಿಕೊಳ್ಳುತ್ತಿದ್ದರು. ಉಗುರಿನ ಸಂದಿ ಬೆಳ್ಳಗಾದ ಮೇಲೆಯೇ ಗಿರಾಕಿಯ ಕಡೆ ತಿರುಗಿ, "ಬರ್ರಿ, ಒಂದು ಟ್ರಯಲ್ ಹೋಗಿ ಬರೂಣು" ಎನ್ನುತ್ತಿದ್ದರು.

ಆ ಟ್ರಯಲ್ ಬಗ್ಗೆ ಹೇಳಬೇಕು. ಬೇರೆ ಗ್ಯಾರೇಜುಗಳಲ್ಲಿ ಮೇಸ್ತ್ರಿ ಗಾಡಿ ಓಡಿಸಿ ನೋಡುತ್ತಾನೆ. ಇವರಲ್ಲಿ ಓಡಿಸುವವನು ಗಿರಾಕಿ. ಮೇಸ್ತ್ರಿ ಹಿಂದೆ ಕೂರುತ್ತಿದ್ದರು. ಕೂಡ್ಲಿಗಿ ರಸ್ತೆಯಲ್ಲಿ ಊರು ದಾಟಿ, ಶೇಂಗಾ ಹೊಲಗಳ ಪಕ್ಕ ಒಂದು ದೊಡ್ಡ ಹುಣಸೆಮರದವರೆಗೆ ಸವಾರಿ. ಹೋಗುವಾಗ ಒಂದು ಮಾತಿಲ್ಲ. ಮರ ಬಂದ ಕೂಡಲೇ "ಹೊಳ್ಳಸ್ರಿ" ಎನ್ನುತ್ತಿದ್ದರು. ಗಾಡಿ ಊರಿನ ಕಡೆ ತಿರುಗಿ, ಮೂರನೇ ಗೇರಿಗೆ ಬಿದ್ದ ಮೇಲೆ, ಬೆನ್ನ ಹಿಂದಿನಿಂದ ಬಿಲ್ಲು ಬರುತ್ತಿತ್ತು. ಯಾವುದಕ್ಕೆ ಎಷ್ಟು, ಒಟ್ಟು ಎಷ್ಟು. ಗಾಡಿ ಓಡುತ್ತಿರುವಾಗ ತಿರುಗಿ ನೋಡುವ ಹಾಗಿಲ್ಲ, ಕೈ ಬಿಟ್ಟು ಲೆಕ್ಕ ಹಾಕುವ ಹಾಗಿಲ್ಲ. ಊರು ಬರುವ ಹೊತ್ತಿಗೆ ಮನುಷ್ಯ ಬಿಲ್ಲಿಗೆ ಒಗ್ಗಿಕೊಂಡಿರುತ್ತಿದ್ದ.

ಹೊಲದಲ್ಲಿ ಕಳೆ ಕೀಳುವವರಿಗೆ ಇದೊಂದು ದಿನದ ತಮಾಷೆ. ಹುಣಸೆಮರದಿಂದ ತಿರುಗಿದ ಗಾಡಿ ಇದ್ದಕ್ಕಿದ್ದಂತೆ ನಿಧಾನವಾಯಿತೆಂದರೆ ಯಾರಾದರೊಬ್ಬರು ತಲೆಯೆತ್ತಿ, "ಪಾಪ, ಬಿಲ್ಲು ಕೇಳ್ದ ನೋಡು" ಎನ್ನುತ್ತಿದ್ದರಂತೆ. ಮೇಸ್ತ್ರಿಯೇ ಹೇಳುತ್ತಿದ್ದರು, "ಬಾಯಿ ಸುಳ್ಳು ಹೇಳ್ತೈತ್ರಿ, ಎಕ್ಸಲೇಟರ್ ಹೇಳಂಗಿಲ್ಲ. ರೊಕ್ಕ ಹೆಚ್ಚಾತು ಅನಿಸಿದ್ರ ಕೈ ತಾನ ಸಡ್ಲ ಬೀಳ್ತೈತಿ."

ಯಾಕೆ ಹೀಗೆ ಎಂದು ನಾನು ಒಮ್ಮೆ ಸೋಡಾದಕ್ಕನನ್ನು ಕೇಳಿದ್ದೆ.

"ಎದುರಿಗೆ ರೊಕ್ಕ ಕೇಳಂದ್ರ ಮೇಸ್ತ್ರಿಗೆ ನಾಲಿಗಿ ಹೊಳ್ಳಂಗಿಲ್ಲ ಏಜೆಂಟಣ್ಣ. ಗಿರಾಕಿ ಮಾರಿ ಸಣ್ಣದು ಮಾಡಿದ್ರ ಸಾಕು, ಅರ್ಧ ಬಿಟ್ಟುಬಿಡ್ತಿದ್ದ. ಅವನ ಹೆಂಡ್ತಿ ಕಲಿಸಿಕೊಟ್ಟಾಳ, ಮಾರಿ ನೋಡಬ್ಯಾಡ, ಬೆನ್ನಿಗೆ ಹೇಳು ಅಂತ." ಆಕೆ ಗೋಲಿ ಒತ್ತಿ ಸೋಡಾ ಒಡೆದು ನನ್ನ ಕೈಗಿಟ್ಟಳು. "ನಿನ್ನ ಮಾರಿ ನೋಡಿದ್ರಂತೂ ಮೇಸ್ತ್ರಿನೇ ನಿನಗ ಕೈಯಿಂದ ರೊಕ್ಕ ಕೊಟ್ಟು ಕಳಿಸಬೇಕಾಕ್ಕೈತಿ."

ನನ್ನ ಮುಖ ಅಂಥದು. ಸುಖದಲ್ಲಿದ್ದಾಗಲೂ ಆಗಷ್ಟೇ ಏನೋ ಕಳೆದುಕೊಂಡು ಬಂದವನ ಹಾಗೆ ಕಾಣುತ್ತದೆ. ವಿಮೆ ಮಾರಲು ಇದರಿಂದ ಅನುಕೂಲವೇ ಆಗಿದೆ.

ನಾಚಿಕೆಯ ಮನುಷ್ಯ ಎಂದರೆ ವಿನಯವಂತ ಎಂದುಕೊಳ್ಳಬಾರದು. ದುಡ್ಡಿನ ವಿಷಯ ಬಿಟ್ಟರೆ ಮೇಸ್ತ್ರಿಗೆ ಜಂಬ ಬಹಳ. ಅದೂ ಕಿವಿಯ ಬಗ್ಗೆ. ರಸ್ತೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತ, ಹಿಂದೆ ಹಾದುಹೋದ ಗಾಡಿ ಯಾರದೆಂದು ಸದ್ದಿನಿಂದಲೇ ಹೇಳುತ್ತಿದ್ದರು. "ಕಬ್ಬಿಣದಂಗಡಿ ಸಾವ್ಕಾರ್ರು ಹೊಂಟ್ರು. ಎಣ್ಣಿ ಹಾಕಿಸಿಲ್ಲ, ಜಿಪುಣ." "ಇದು ನಮ್ಮೂರಿಂದಲ್ಲ, ಹಡಗಲಿ ಕಡೇದು. ವಾಲ್ ಬಿಗಿ ಮಾಡ್ಯಾನ ಯಾವನೋ ಹುಚ್ಚ." ಸಂತೆಗೆ ಬಂದ ಹಳ್ಳಿಯವರು ಇದನ್ನು ನೋಡಲೆಂದೇ ನಿಲ್ಲುತ್ತಿದ್ದರು. ತಪ್ಪಿದ್ದನ್ನು ನಾನು ಕಂಡಿಲ್ಲ. ತಪ್ಪಿದರೂ ಯಾರಿಗೆ ಗೊತ್ತಾಗಬೇಕು, ಹಡಗಲಿಯವನು ಆಗಲೇ ಹೋಗಿಬಿಟ್ಟಿರುತ್ತಿದ್ದ.

ಅಂಥ ಕಿವಿಯ ಮುಂದೆ ನನ್ನ ಕಿವಿಯ ಗತಿ ಏನಾಗಬೇಕು! ನಾನು ಹದಿನೈದು ದಿನಕ್ಕೊಮ್ಮೆಯಾದರೂ ಒಂದು ಹೊಸ ಸದ್ದು ಹಿಡಿದು ಹೋಗುತ್ತಿದ್ದೆ. ಟಕ್ ಅನ್ನುತ್ತದೆ, ಸುಯ್ ಅನ್ನುತ್ತದೆ, ಹೊಳಲಿನಿಂದ ಬರುವಾಗ ಗಾಳಿ ಎದುರಾದರೆ ಮಾತ್ರ ಅಳುತ್ತದೆ... ಮೇಸ್ತ್ರಿ ಒಂದು ಸಲ ಕಿಕ್ ಹೊಡೆದು, ತಲೆ ಓರೆ ಮಾಡಿ ಕೇಳಿ, ಬಂದ್ ಮಾಡುತ್ತಿದ್ದರು.

"ಆ ಸದ್ದು ಗಾಡಿಯಾಗಿಲ್ರಿ, ನಿಮ್ಮ ತಲಿಯಾಗ ಐತಿ. ಅದನ್ನ ಬಿಚ್ಚೋ ಪಾನಾ ನನ್ನ ಹತ್ರ ಇಲ್ಲ. ಫಿಕರ್ ಬಿಡ್ರಿ, ಹೋಗ್ರಿ."

ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಖುಷಿಯಿಂದ ಹೊರಟು, ಅರ್ಧ ದಾರಿಯಲ್ಲಿ, ಅಷ್ಟು ಬೇಗ ನೋಡಿದರಲ್ಲ, ಸರಿಯಾಗಿ ನೋಡಿದರೋ ಇಲ್ಲವೋ ಎಂದು ಮತ್ತೆ ಶುರುಮಾಡುತ್ತಿದ್ದೆ.

ಹೀಗೆ ನಡೆಯುತ್ತಿದ್ದದ್ದು ಯಾವಾಗ ಬದಲಾಯಿತು ಎಂದು ಸರಿಯಾಗಿ ಹೇಳಲಾರೆ. ಮೊದಲು ಗೊತ್ತಾದದ್ದು ಬಿಲ್ಲಿನಲ್ಲಿ. ನಾನು ಕ್ಲಚ್ ಕೇಬಲ್ ಹಾಕಿಸಲು ಗಾಡಿ ಬಿಟ್ಟು, ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದಿದ್ದೆ. ಸಂಜೆ ಬಂದು ನೋಡಿದರೆ ನನ್ನ ಇಂಜಿನ್ನು ಗೋಣಿತಟ್ಟಿನ ಮೇಲೆ ಹರಡಿಕೊಂಡು ಮಲಗಿದೆ. ನಾನು ಇಷ್ಟು ವರ್ಷ ಕಲ್ಪಿಸಿಕೊಂಡದ್ದೆಲ್ಲ ಒಟ್ಟಿಗೇ ನಿಜವಾದಂತೆ ಇತ್ತು.

"ಒಳಗ ನೋಡಬೇಕಾತ್ರಿ," ಎಂದರು ಮೇಸ್ತ್ರಿ, ತಲೆಯೆತ್ತದೆ.

"ಏನಾಗಿತ್ತು?"

"ಏನಿಲ್ಲ. ನೋಡಬೇಕಾತು."

ಎರಡು ದಿನದ ಮೇಲೆ ಟ್ರಯಲ್ ಹೋದೆವು. ಹುಣಸೆಮರದ ಹತ್ತಿರ "ಹೊಳ್ಳಸ್ರಿ" ಬರಲಿಲ್ಲ. ಮರ ದಾಟಿ ಇನ್ನೂ ಬಹುದೂರ ಹೋದ ಮೇಲೆ ಬಂತು. ತಿರುಗಿದ ಮೇಲೆ ಬೆನ್ನಿಗೆ ಬಿದ್ದ ಬಿಲ್ಲು ನನ್ನ ಒಂದು ತಿಂಗಳ ಕಮಿಷನ್ನಿನಷ್ಟಿತ್ತು. ನನ್ನ ಕೈ ಸಡಿಲು ಬಿದ್ದು, ಗಾಡಿ ಗಕ್ ಗಕ್ ಎಂದಿತು. ನಾನು ಎಂದೂ ಮಾಡದ ಕೆಲಸ ಅವತ್ತು ಮಾಡಿದೆ, ಎದುರು ಮಾತಾಡಿದೆ.

"ಮೇಸ್ತ್ರಿ, ಇದು ಭಾಳ ಆತು."

ಹಿಂದಿನಿಂದ ಉತ್ತರವಿಲ್ಲ. ಹಿಂದೆಲ್ಲ ನನ್ನ ನಿಟ್ಟುಸಿರೂ ಆ ಕಿವಿಗೆ ಬೀಳುತ್ತಿತ್ತು. ನಾನು ಕೂಗಿ ಹೇಳಿದೆ, "ಭಾಳ ಆತು ಅಂದೆ!" ರಸ್ತೆ ಬದಿಯ ಕುರಿಗಾರ ತಿರುಗಿ ನೋಡಿದ. ಕುರಿಗಳೂ ನೋಡಿದವು. ನನ್ನ ಹಿಂದೆ ಕೂತವರಿಗೆ ಮಾತ್ರ ಕೇಳಿಸಲಿಲ್ಲ. ಕನ್ನಡಿ ಓರೆ ಮಾಡಿ ನೋಡಿದೆ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಒಂದು ಅಂಗೈಯನ್ನು ಸೀಟಿನ ಕೆಳಗಿನ ಕಬ್ಬಿಣಕ್ಕೆ ಒತ್ತಿ ಹಿಡಿದಿದ್ದರು.

ಜಾಣ ಕಿವುಡು ಎಂದುಕೊಂಡೆ. ದುಡ್ಡು ಕೊಟ್ಟು ಮನೆಗೆ ಬಂದೆ. ನನ್ನ ಹೆಂಡತಿ ಬಿಲ್ಲಿನ ಮೊತ್ತ ಕೇಳಿ, ಒಲೆ ಸಣ್ಣದು ಮಾಡಿ, ನನ್ನನ್ನೇ ನೋಡಿದಳು. "ಊರ ಮಂದಿಗೆಲ್ಲ ಪಾಲಿಸಿ ಮಾಡಿಸ್ತೀರಿ. ಆ ಗಾಡಿಗೂ ಒಂದು ಜೀವವಿಮೆ ಮಾಡಿಸಿ, ನಾಮಿನಿ ಅಂತ ಮೇಸ್ತ್ರಿ ಹೆಸರು ಬರದುಬಿಡ್ರಿ."

ನನಗೊಬ್ಬನಿಗೇ ಹೀಗಾದದ್ದಲ್ಲ. ಪ್ಲಗ್ ತೋರಿಸಲು ಹೋದವರ ಇಂಜಿನ್ನಿನ ಬೋರ್ ಬಿಚ್ಚಿದರು. ಚೈನ್ ಬಿಗಿ ಮಾಡಿಸಲು ಹೋದವರ ಗೇರ್‌ಪೆಟ್ಟಿಗೆ ತೆಗೆದರು. ಬೀಜ-ಗೊಬ್ಬರದ ಅಂಗಡಿಯ ಮಾಲೀಕರು ಬಿಲ್ಲು ಕೊಟ್ಟು ಬಂದ ದಿನ ಚಹಾದಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು, "ಮೇಸ್ತ್ರಿಗೆ ರೊಕ್ಕದ ಹಸಿವು ಹತ್ತೈತಿ. ಮಗಳ ಮದುವಿ ಸಾಲ ನಮ್ಮ ಗಾಡಿಯಾಗ ತೀರಿಸಾಕ ಹತ್ಯಾನ." ಜನ ಹೂಂ ಅಂದರು. ನಾನೂ ಅಂದೆನೋ ಏನೋ... ಅನ್ನದೇ ಇದ್ದಿರಲಾರೆ.

ಇಷ್ಟರಲ್ಲೇ ಇನ್ನೊಂದು ಬದಲಾಗಿತ್ತು. ನಾವೆಲ್ಲ ನೋಡಿಯೂ ನೋಡದೆ ಇದ್ದದ್ದು. ಮೇಸ್ತ್ರಿಯ ಸ್ಟೂಲು ತಿರುಗಿತ್ತು. ವರ್ಷಗಟ್ಟಲೆ ರಸ್ತೆಗೆ ಬೆನ್ನು ಹಾಕಿ ಕೂತ ಮನುಷ್ಯ ಈಗ ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ಮಾತಾಡಿಸಿದರೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಮುಖ ನೋಡಲಾರದೆ ಬೆನ್ನಿಗೆ ಬಿಲ್ಲು ಹೇಳುತ್ತಿದ್ದವರು ಈಗ ನಮ್ಮ ಬಾಯಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಧೈರ್ಯ ಬಂದಿದೆ, ದುಡ್ಡು ಬಂದರೆ ಹಾಗೆಯೇ ಎಂದುಕೊಂಡೆವು.

ಅದೊಂದು ಸಂತೆಯ ದಿನ. ನಾನು ಸೋಡಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಗೊಬ್ಬರದಂಗಡಿ ಮಾಲೀಕರು ಇಬ್ಬರು ಗೆಳೆಯರ ಜೊತೆ ಬಂದರು. ಬಂದದ್ದು ಜಗಳಕ್ಕಲ್ಲ, ತಮಾಷೆಗೆ; ಆದರೆ ತಮಾಷೆಯ ಕೆಳಗೆ ಜಗಳ ಕೂತಿತ್ತು.

"ಏನ್ ಮೇಸ್ತ್ರಿ, ಭಾಳ ದಿನ ಆತು ನಿನ್ನ ಆಟ ನೋಡಿ. ಹೊಳ್ಳಿ ಕೂಡ್ರು. ಹಿಂದ ಬರೋ ಗಾಡಿ ಯಾರ್ದು ಹೇಳು. ಹೇಳಿದ್ರ ನನ್ನ ಗಾಡಿ ಜೀವನಪೂರ್ತಿ ನಿನ್ನ ಹತ್ರ. ಹೇಳಲಿಲ್ಲಂದ್ರ..."

"ಕೆಲಸ ಐತ್ರಿ ಸಾವ್ಕಾರ್ರ."

"ಅರೆ, ಎರಡು ನಿಮಿಷ. ಹೊಳ್ಳಲೇ ಮಾರಾಯ."

ಮಾಲೀಕರೇ ಭುಜ ಹಿಡಿದು ಅವರನ್ನು ಸ್ಟೂಲಿನ ಮೇಲೆ ತಿರುಗಿಸಿದರು. ಈಗ ಮೇಸ್ತ್ರಿಯ ಬೆನ್ನು ರಸ್ತೆಗೆ, ಮುಖ ನನಗೆ. ಸಂತೆಯ ಜನ ನಿಂತರು. ಒಂದು ಗಾಡಿ ಬಂತು, ಹೋಯಿತು. ಅದು ಕಬ್ಬಿಣದಂಗಡಿಯವರದೇ, ನನ್ನಂಥವನಿಗೂ ಗೊತ್ತಾಗುವಷ್ಟು ಹಳೆಯ ಸದ್ದು. ಮೇಸ್ತ್ರಿ ಸುಮ್ಮನಿದ್ದರು. ಹೇಳುವುದು ಬೇಡವೆಂದು ಸುಮ್ಮನಿದ್ದದ್ದಲ್ಲ. ಗಾಡಿ ಹೋದದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಅವರು ಇನ್ನೂ ಕಾಯುತ್ತಿದ್ದರು.

ನನಗೆ ಅದು ತಿಳಿದದ್ದು ಆಗ. ಅಂಗೈ ಕಬ್ಬಿಣಕ್ಕೆ ಒತ್ತಿದ್ದು, ಉದ್ದವಾದ ಟ್ರಯಲ್, ಬಿಚ್ಚಿದ ಇಂಜಿನ್ನುಗಳು, ತಿರುಗಿದ ಸ್ಟೂಲು, ನಮ್ಮ ಬಾಯಿ ನೋಡುವ ಕಣ್ಣು, ಎಲ್ಲ ಒಂದೇ ಸಲ. ಕೆಡುಕನ್ನೇ ಯೋಚಿಸಿ ಯೋಚಿಸಿ ಪಳಗಿದ ತಲೆ ನನ್ನದು. ಎಲ್ಲ ಸಾಧ್ಯತೆ ಯೋಚಿಸಿದ್ದೆ, ಇದೊಂದು ಬಿಟ್ಟು.

"ಯಾಕ ಮೇಸ್ತ್ರಿ, ಕಿವಿಯಾಗ ಹತ್ತಿ ಇಟ್ಟೀಯೇನು?" ಎಂದರು ಮಾಲೀಕರು, ಅವರ ಬೆನ್ನ ಹಿಂದಿನಿಂದ. ಮೇಸ್ತ್ರಿ ಅದಕ್ಕೂ ಸುಮ್ಮನಿದ್ದರು. ಗುಂಪಿನಲ್ಲಿ ಯಾರೋ ನಕ್ಕರು. ಇನ್ನೊಂದು ಗಾಡಿ ಬರುತ್ತಿತ್ತು. ಅದೂ ಹಾದುಹೋದರೆ ಇಡೀ ಸಂತೆಗೆ ಗೊತ್ತಾಗುತ್ತಿತ್ತು.

ನಾನು ಬೆಂಚಿನಿಂದ ಎದ್ದು ಅವರ ಎದುರಿಗೆ ನಿಂತು, ನನಗೆ ಬರುವ ಒಂದೇ ವಿದ್ಯೆಯನ್ನು ಮಾಡಿದೆ. "ಮೇಸ್ತ್ರಿ! ನನ್ನ ಗಾಡಿ ಭಾಳ ಸದ್ದು ಮಾಡಾಕ ಹತ್ತೈತಿ! ಈಗ ಉಚ್ಚಂಗಿದುರ್ಗಕ್ಕ ಹೋಗಬೇಕು. ದಾರಿಯಾಗ ಏನಾದ್ರೂ ಆತಂದ್ರ ನನ್ನ ಹೆಂಡ್ತಿ ಮಕ್ಕಳ ಗತಿ ಏನು? ಈಗಿಂದೀಗ ಟ್ರಯಲ್ ಬರ್ರಿ!"

ಜನ ಹೋ ಎಂದು ನಕ್ಕರು. ನಗೆ ಮೇಸ್ತ್ರಿಯನ್ನು ಬಿಟ್ಟು ನನ್ನ ಮೇಲೆ ಬಂತು. ಮಾಲೀಕರೂ ನಕ್ಕು, "ಹೋಗಪಾ, ಮೊದಲ ಏಜೆಂಟರ ಜೀವ ಉಳಸು. ಇವರು ಸತ್ರ ನಮ್ಮ ಕ್ಲೇಮು ಯಾರು ಮಾಡಸ್ತಾರ?" ಎಂದರು. ಮೇಸ್ತ್ರಿ ನನ್ನ ಮುಖ ನೋಡಿದರು. ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ, ಲಿಂಬೆ ತಿಕ್ಕದೆ, ಹಾಗೇ ಬಂದು ಹಿಂದೆ ಕೂತರು.

ಹುಣಸೆಮರದವರೆಗೆ ಮಾತಿಲ್ಲ. "ಹೊಳ್ಳಸ್ರಿ" ಎಂದರು. ಹೊಳ್ಳಿಸಿದೆ. ಮೂರನೇ ಗೇರು ಬಿದ್ದ ಮೇಲೆ, ಬಿಲ್ಲು ಹೇಳುವ ಅದೇ ದನಿಯಲ್ಲಿ, ಒಂದೊಂದಾಗಿ ಹೇಳಿದರು.

"ಮೊದಲ ಸಣ್ಣ ಸದ್ದು ಹೋದ್ವು ಏಜೆಂಟ್ರೇ. ವಾಲ್ ಟಿಕ್ ಟಿಕ್ ಅನ್ನೋದು, ಚೈನ್ ತಿಕ್ಕೋದು. ಈಗ ಇಂಜಿನ್ ಚಾಲು ಇದ್ರ ಯಾವ ಮಾತೂ ಕೇಳಂಗಿಲ್ಲ. ದಾವಣಗೇರಿಗೆ ಹೋಗಿ ಕಿವಿ ಮಿಷನ್ ತಂದೀನಿ. ಅದನ್ನ ಹಚ್ಚಿಕೊಂಡ್ರ ಗ್ಯಾರೇಜಿನಾಗ ತಲಿ ಒಡದಂಗಾಕ್ಕೈತಿ, ಮತ್ತ ಹಚ್ಚಿಕೊಂಡು ಕುಂತ್ರ ಬೋರ್ಡ್ ಹಾಕಿಕೊಂಡಂಗ. ಕೇಳಲಿಲ್ಲಂದ್ರ ಬಿಚ್ಚಿ ನೋಡಬೇಕು. ಬಿಚ್ಚಿದ್ರ ಬಿಲ್ಲಾಕ್ಕೈತಿ." ಆಮೇಲೆ ಅಂದರು, "ಕಳ್ಳ ಅಂತಾರ, ಗೊತ್ತೈತಿ. ಅನ್ಲಿ ಬಿಡ್ರಿ. ಕಳ್ಳನ ಹತ್ರ ಮಂದಿ ಜಗಳಾಡಿಕೋತಾದ್ರೂ ಬರ್ತಾರ. ಕಿವುಡ ಮೇಸ್ತ್ರಿ ಹತ್ರ ಯಾರು ಬರ್ತಾರ?"

ಅಷ್ಟೇ. ಒಟ್ಟು ಮೊತ್ತ ಹೇಳಲಿಲ್ಲ.

ನಾನು ಏನಾದರೂ ಹೇಳಬೇಕಿತ್ತು. ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ನನ್ನ ಕೈ ತಾನಾಗಿ ಎಕ್ಸಲೇಟರನ್ನು ಒಮ್ಮೆ ತಿರುವಿ ಬಿಟ್ಟಿತು. ಗಾಡಿ ಒಂದು ಸಲ ಗುಂಯ್ ಎಂದು ಜಗ್ಗಿ ಸುಮ್ಮನಾಯಿತು. ಸೀಟಿನ ಕೆಳಗೆ ಅವರ ಅಂಗೈ ಇತ್ತಲ್ಲ... "ಹೂಂ" ಎಂದರು ಹಿಂದಿನಿಂದ.

ಮಾರನೆಯ ಸಂಜೆ ನಾನು ಮತ್ತೆ ಹೋದೆ. ಯಾರೋ ಗಿರಾಕಿಯ ಗಾಡಿ ನಿಂತಿತ್ತು. ಮೇಸ್ತ್ರಿ ಅದಕ್ಕೆ ಕಿಕ್ ಹೊಡೆದು, ನನ್ನ ಕಡೆ ಗದ್ದ ಎತ್ತಿದರು. ನಾನು ಬಗ್ಗಿ ಕೇಳಿದೆ. ಅವರು ಬಂದ್ ಮಾಡಿ, ನನ್ನ ಬಾಯಿ ನೋಡುತ್ತ ಕೂತರು.

"ಟಕ ಟಕ ಅಂತೈತಿ," ಎಂದೆ.

"ಟಕ ಟಕ ಅಂದ್ರ? ಒಗ್ಗರಣಿಗೆ ಸಾಸಿವಿ ಸಿಡಿದಂಗೋ, ಮುದುಕಿ ಎಲಿ ಅಡಿಕಿ ಕುಟ್ಟಿದಂಗೋ? ನೆಟ್ಟಗ ಹೇಳ್ರಿ, ಪಾಲಿಸಿ ಮಾರೋ ಹಂಗ ಹಾರಿಸಬ್ಯಾಡ್ರಿ."

ಮುದುಕಿ ಎಲೆ ಅಡಿಕೆ ಕುಟ್ಟಿದ ಹಾಗಿತ್ತು. ಅಂದರೆ ಬೋರು. ಸಾಸಿವೆ ಸಿಡಿದರೆ ವಾಲ್. ಬಳೆಗೆ ಬಳೆ ತಿಕ್ಕಿದಂತಿದ್ದರೆ ಚೈನ್. ಹೀಗೆ ನಮ್ಮಿಬ್ಬರದೇ ಒಂದು ಭಾಷೆ ಬೆಳೆಯಿತು. ಎಷ್ಟೋ ವರ್ಷ ನನ್ನ ತಲೆಯೊಳಗಿನ ಸದ್ದು ಎಂದು ನಕ್ಕವರು ಈಗ ಆ ತಲೆಯೊಳಗೆ ಕೈಹಾಕಿ ಒಂದೊಂದೇ ಸದ್ದು ಹೊರಗೆ ತೆಗೆಯುತ್ತಿದ್ದರು. ನನ್ನ ಜನ್ಮದಲ್ಲಿ ನನ್ನ ಚಿಂತೆಯಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು. ಬಹುಶಃ ಅದೇ ಕೊನೆ.

ಕೆಲಸ ಮುಗಿಸಿ ಬಂದ ಸಂಜೆಗಳಲ್ಲೆಲ್ಲ ನಾನು ಗ್ಯಾರೇಜಿನಲ್ಲಿ. ಕಾರಣ ಕೇಳಿದವರಿಗೆ ನನ್ನ ಗಾಡಿಗೆ ಏನೋ ಸದ್ದು ಎನ್ನುತ್ತಿದ್ದೆ, ಯಾರೂ ಅನುಮಾನಪಡಲಿಲ್ಲ. "ಏಜೆಂಟರಿಗೆ ಗಾಡಿ ಹುಚ್ಚು ಹಿಡಿದೈತಿ" ಎಂದು ಊರು ತೀರ್ಮಾನಿಸಿತು. ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಹೀಗೆ ಉಪಯೋಗಕ್ಕೆ ಬಂತು. ಬಿಲ್ಲುಗಳು ಇಳಿದವು. ಟ್ರಯಲ್ ಮತ್ತೆ ಹುಣಸೆಮರಕ್ಕೇ ನಿಂತಿತು. ಗೊಬ್ಬರದಂಗಡಿ ಮಾಲೀಕರು ಒಂದು ದಿನ ನನ್ನನ್ನು ನಿಲ್ಲಿಸಿ, "ನಾನು ಅವತ್ತು ಜೋರು ಮಾಡಿದ್ದಕ್ಕ ಮೇಸ್ತ್ರಿ ಸುಧಾರಿಸಿದ ನೋಡ್ರಿ" ಎಂದರು. ಹೌದು ಎಂದೆ.

ಸೋಡಾದಕ್ಕನನ್ನು ಮಾತ್ರ ಮೋಸಗೊಳಿಸಲಾಗಲಿಲ್ಲ. ಒಂದು ಸಂಜೆ ಸೋಡಾ ಕೊಟ್ಟು ದುಡ್ಡು ಬೇಡವೆಂದಳು. "ನಿನ್ನ ಗಾಡಿಗೆ ಏನೂ ಆಗಿಲ್ಲ ಏಜೆಂಟಣ್ಣ. ಸ್ಟೂಲು ಹೊಳ್ಳಿದ ದಿನಾನ ನನಗ ಗೊತ್ತಾಗೈತಿ." ಅಷ್ಟು ದಿನ ಆಕೆ ಯಾರಿಗೂ ಹೇಳಿರಲಿಲ್ಲ. ಮೇಸ್ತ್ರಿಯನ್ನು ಕರೆಯಬೇಕಾದರೆ ಕೂಗದೆ, ಒಂದು ಲಿಂಬೆ ಹೋಳನ್ನು ಅವರ ಕಾಲ ಹತ್ತಿರ ಎಸೆಯುತ್ತಿದ್ದಳು. ಅದನ್ನೂ ನಾನು ಅಲ್ಲಿಯವರೆಗೆ ಬರೀ ತುಂಟತನ ಎಂದುಕೊಂಡಿದ್ದೆ.

ಒಂದು ದಿನ ನನ್ನ ಗಾಡಿಯಲ್ಲೇ ನಿಜವಾಗಿ ಒಂದು ಸದ್ದು ಬಂತು, ಸಣ್ಣದೊಂದು ಕಿಣಿಕಿಣಿ. ಹೇಳಲು ನನಗೇ ನಾಚಿಕೆ. ಹೇಳಿದೆ. ಮೇಸ್ತ್ರಿ ನಗಲಿಲ್ಲ. "ನಿಮಗ ಕೇಳ್ತೈತಿ ಅಂದ್ರ ಐತ್ರಿ" ಎಂದರು. ಆ ಮಾತನ್ನು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ; ಮನೆಯಲ್ಲಂತೂ ಇಲ್ಲವೇ ಇಲ್ಲ. ನಾನು ಅತ್ತ ಸೋಡಾ ಕುಡಿದು ಬರುವಷ್ಟರಲ್ಲಿ ಏನೋ ಮಾಡಿ ಮುಗಿಸಿದ್ದರು. ಟ್ರಯಲ್ ಹೋದೆವು. ಸದ್ದು ಹೋಗಿತ್ತು. ಹುಣಸೆಮರದಿಂದ ಊರಿನವರೆಗೆ ಕಿವಿ ನಿಮಿರಿಸಿಕೊಂಡು ಕಾದೆ, ಹಿಂದಿನಿಂದ ಬಿಲ್ಲು ಬರಲಿಲ್ಲ. ಇಳಿದ ಮೇಲೆ ಎದುರಿಗೆ ನಿಂತು ಕೇಳಿದೆ: ಏನು ಮಾಡಿದಿರಿ, ಎಷ್ಟಾಯಿತು?

"ನಿಮಗ್ಯಾಕ ಬೇಕದು? ಗೊತ್ತಾದ್ರ ಅದರ ಬಗ್ಗೆನೂ ಫಿಕರ್ ಮಾಡ್ತೀರಿ," ಎಂದು ಲಿಂಬೆ ತಿಕ್ಕಿಕೊಂಡರು. "ರೊಕ್ಕ ಇಲ್ಲ ಹೋಗ್ರಿ. ಇದು ನಿಮ್ಮ ಬಿಲ್ಲಲ್ಲ, ನಂದು."

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಕಿವಿಯ ಹಿಂದೆಯೇ ಮೊಣಕಾಲು ಹೋದವು, ಹೆಂಡತಿ ಹೋದರು. ಹರಪನಹಳ್ಳಿಯಲ್ಲಿದ್ದ ಮಗಳು ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಗ್ಯಾರೇಜಿನ ಜಾಗದಲ್ಲಿ ಈಗ ಮೊಬೈಲ್ ಗಾಜು ಹಾಕುವ ಅಂಗಡಿ ಇದೆ. ಅವರು ಹೋಗುವವರೆಗೂ ಊರಿಗೆ ವಿಷಯ ಗೊತ್ತಾಗಲಿಲ್ಲ. ಮೇಸ್ತ್ರಿ ಮೊದಲು ಬಹಳ ಒಳ್ಳೆಯವನಿದ್ದ, ನಡುವೆ ಒಂದೆರಡು ವರ್ಷ ದುಡ್ಡಿನ ಆಸೆಗೆ ಬಿದ್ದಿದ್ದ, ಮತ್ತೆ ಸರಿಹೋದ ಎಂದೇ ಈಗಲೂ ಹೇಳುತ್ತಾರೆ. ಆ ಒಂದೆರಡು ವರ್ಷದ ಕೆಟ್ಟ ಹೆಸರನ್ನು ಅವರು ತಾವೇ ಬೇಕೆಂದು ಉಳಿಸಿಕೊಂಡರು.

ಹರಪನಹಳ್ಳಿ ಕಡೆ ಕೆಲಸ ಬಿದ್ದಾಗ ಹೋಗಿ ನೋಡಿ ಬರುತ್ತಿದ್ದೆ. ಪಡಸಾಲೆಯಲ್ಲಿ, ಗೋಡೆಗೆ ಆತು ಕೂತಿರುತ್ತಿದ್ದರು. ಸುಖದುಃಖ ಕೇಳುವ ಮೊದಲೇ "ಗಾಡಿ ಏನಂತೈತ್ರಿ?" ಎನ್ನುತ್ತಿದ್ದರು. ನಾನು ಸದ್ದುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಕೆಲವು ಸಲ, ಹೇಳಲು ಏನೂ ಇಲ್ಲದಾಗ, ಹುಟ್ಟಿಸಿಯೂ ಹೇಳಿದ್ದೇನೆ. ಅವರಿಗೆ ಅದೂ ಗೊತ್ತಾಗುತ್ತಿತ್ತು. "ಇದು ತಲೀದು" ಎಂದು ಬೆರಳಿನಿಂದ ತಮ್ಮ ತಲೆ ತಟ್ಟಿ ನಗುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಸೋಡಾದಕ್ಕನಿಂದ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಳಿಯ ಚಹಾ ಕೊಟ್ಟು, ಪಡಸಾಲೆಯ ಗೋಡೆ ತೋರಿಸಿದ. ಕೂತ ಜಾಗದ ಪಕ್ಕ, ಸುಣ್ಣದ ಮೇಲೆ, ಒಂದು ಅಂಗೈಯಷ್ಟು ಜಾಗ ಮಾಸಿತ್ತು. "ದಿನಾ ಇಲ್ಲಿಗೆ ಕೈ ಒತ್ತಿಟ್ಕಂಡು ಕೂತಿರ್ತಿದ್ರು. ರಸ್ತೇಲಿ ಗಾಡಿ ಹೋದ್ರೆ ಗೋಡ್ಯಾಗೆ ಗೊತ್ತಾಗುತ್ತಂತೆ. ಯಾರಾದ್ರೂ ಬಂದ್ರೆ, ಏಜೆಂಟ್ರು ಬಂದ್ರು ನೋಡು ಅಂತಿದ್ರು. ಹತ್ತು ಸಲದಲ್ಲಿ ಒಂದ್ಸಲ ನಿಜ ಆಗ್ತಿತ್ತು." ನಾನು ಚಹಾ ಕುಡಿದೆ. ಬಹಳ ಸಿಹಿಯಾಗಿತ್ತು... ಬರುವ ದಾರಿಯುದ್ದಕ್ಕೂ ಗಾಡಿ ಯಾವ ಸದ್ದು ಮಾಡಿತೋ, ಮಾಡಲಿಲ್ಲವೋ, ನನಗೆ ನೆನಪಿಲ್ಲ.

ಇರಲಿ. ಕೂಡ್ಲಿಗಿಯ ಹೊಸ ಗ್ಯಾರೇಜಿನವರು ಅವತ್ತು ಟೈಮಿಂಗ್ ಚೈನ್ ಬದಲಿಸಿದರು, ಕ್ಲಚ್ ಪ್ಲೇಟ್ ಬದಲಿಸಿದರು, ಹಿಂದಿನ ಬೇರಿಂಗೂ ಹೊಸದಾಯಿತು. ಬಿಲ್ಲು ಜೇಬಿನೊಳಗೆ ಟಿಣ್ ಎಂದಿತು. ತೆಗೆದು ನೋಡಿ, ಕುರ್ಚಿ ಯಾಕೆ ಇಟ್ಟಿದ್ದಾರೆಂದು ಅರ್ಥ ಮಾಡಿಕೊಂಡೆ. ಅಲ್ಲಿಯ ಮೆಕ್ಯಾನಿಕ್ ಹುಡುಗ ಒಳ್ಳೆಯವನು, ಮೋಸಗಾರನಲ್ಲ. ಕಿಣಿಕಿಣಿ ಇನ್ನೂ ಹಾಗೇ ಇದೆಯಲ್ಲ ಎಂದರೆ, "ಅಷ್ಟು ಸಣ್ಣ ಸೌಂಡ್ ಇರ್ತೈತಿ ಸರ್, ಹಳೇ ಗಾಡಿ. ತಲಿ ಕೆಡಿಸ್ಕೋಬ್ಯಾಡ್ರಿ" ಎಂದ.

ವಾಪಸು ಬರುವಾಗ ಹುಣಸೆಮರ ದಾಟಿದ ಮೇಲೆ ಕೈ ತಾನಾಗಿ ಸಡಿಲಾಯಿತು. ಬಿಲ್ಲು ಕಟ್ಟಿ ಆಗಿತ್ತು. ಹೇಳುವವರು ಯಾರೂ ಉಳಿದಿರಲಿಲ್ಲ. ಆದರೂ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು, ಊರು ಬರುವವರೆಗೆ ನಿಧಾನಕ್ಕೇ ಓಡಿಸಿದೆ. ಹೊಲದಲ್ಲಿ ಒಬ್ಬ ಮುದುಕಿ ತಲೆಯೆತ್ತಿ ನೋಡಿದಳು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಾನೇ ಪಾನಾ ಹಿಡಿದು ಕೂತೆ. ಹೆಂಡತಿ ಒಲೆ ಆರಿಸಿ, ನೀರಿನ ಕೊಡ ಹತ್ತಿರ ಇಟ್ಟುಕೊಂಡು, "ಪೆಟ್ರೋಲು ಹುಷಾರು" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆಗೂ ಅಂಟಿದೆ. ಸೀಟು ತೆಗೆದೆ. ಟ್ಯಾಂಕಿನ ಬೋಲ್ಟು ಬಿಚ್ಚಿ, ಟ್ಯಾಂಕು ಎತ್ತಿದೆ. ಅದರ ಕೆಳಗೆ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ, ಯಾರೋ ಅಳತೆ ನೋಡಿ ಕತ್ತರಿಸಿ ಇಟ್ಟ ಕಪ್ಪು ಪಟ್ಟಿಯೊಂದಿತ್ತು. ಮುಟ್ಟಿದೆ. ಬೆರಳಿಗೆ ಪುಡಿಪುಡಿಯಾಗಿ ಅಂಟಿಕೊಂಡಿತು.

ಪಿಸ್ಟನ್ ಹೋಗಿರಲಿಲ್ಲ, ಬೇರಿಂಗ್ ಹೋಗಿರಲಿಲ್ಲ, ಚಾಸಿ ಗಟ್ಟಿಯಾಗಿತ್ತು. ಹೋದದ್ದು ಅದೊಂದೇ, ಎರಡು ಬೆರಳಗಲದ ಹಳೆಯ ಸೈಕಲ್ ಟ್ಯೂಬಿನ ತುಂಡು.